ಯಂತ್ರ ನಿಮ್ಮದು, ರಿಪೇರಿ ಯಾರದು?

ಟ್ರೆಡಲ್ ಮಷೀನಿನ ಕಾಲದಲ್ಲಿ ಪ್ರೆಸ್ಸಿನವರ ಬಾಯಲ್ಲಿ ‘ಸರ್ವಿಸ್’ ಎಂಬ ಮಾತು ಅಷ್ಟಾಗಿ ಬರುತ್ತಿರಲಿಲ್ಲ. ಸರೇಸಿನ ರೋಲರ್ ಸವೆದರೆ ಮತ್ತೆ ಎರಕ ಹೊಯ್ಯಿಸುತ್ತಿದ್ದರು, ಬುಷ್ ಹೋದರೆ ಪಕ್ಕದ ಬೀದಿಯ ಲೇತ್ ಅಂಗಡಿಯಲ್ಲಿ ಕಡೆಯಿಸುತ್ತಿದ್ದರು. ಆಫ್‌ಸೆಟ್ ಬಂದಮೇಲೂ ಬ್ಲ್ಯಾಂಕೆಟ್ ಬಿಗಿಯುವುದು, ನೀರು ಮತ್ತು ಇಂಕಿನ ಹದ ಹಿಡಿಯುವುದು ಮಷೀನ್‌ಮ್ಯಾನ್‌ನ ಕೈಗುಣವಾಗಿಯೇ ಉಳಿಯಿತು. ಈ ನಂಟನ್ನು ಕಡಿದದ್ದು ಡಿಜಿಟಲ್ ಪ್ರೊಡಕ್ಷನ್ ಪ್ರಿಂಟರ್. ಲಕ್ಷಗಟ್ಟಲೆ ಸಾಲ ಮಾಡಿ ತಂದ ಯಂತ್ರ ಪರದೆಯ ಮೇಲೆ ಒಂದು ಕೋಡ್ ತೋರಿಸಿ ನಿಂತರೆ ಮಾಲೀಕನಿಗೆ ಉಳಿಯುವ ದಾರಿ ಫೋನು ಹಚ್ಚುವುದು, ಕಾಯುವುದು. ಸರ್ವಿಸ್ ಸರಿಯಿಲ್ಲ ಎಂಬ ದೂರನ್ನು ಎಂಜಿನಿಯರನ ಉದಾಸೀನಕ್ಕೋ ಡೀಲರನ ದುರಾಸೆಗೋ ಹಚ್ಚಿಬಿಡುವುದು ಸುಲಭ. ಈ ಯಂತ್ರಗಳ ಆರು ದಶಕಗಳ ಚರಿತ್ರೆ ತೋರಿಸುವ ಕಾರಣ ಬೇರೆ. ಯಂತ್ರದ ಒಳಗುಟ್ಟು ಯಾರ ಬಳಿ ಇರಬೇಕು ಎಂಬ ಹಗ್ಗಜಗ್ಗಾಟದಲ್ಲಿ ಬಳಸುವವನು ಹೆಜ್ಜೆಹೆಜ್ಜೆಗೂ ಹಿಂದೆ ಸರಿದಿದ್ದಾನೆ; ಅವನಿಗೆ ಸಿಗುವ ಸರ್ವಿಸ್ ಎಷ್ಟು ಒಳ್ಳೆಯದು ಎಂಬುದು ಅವನು ಎಷ್ಟು ಸರಿದಿದ್ದಾನೆ ಎಂಬುದರ ಮೇಲೆ ನಿಂತಿದೆ.

ಇದರ ಬೇರು 1959ರ ಜೆರಾಕ್ಸ್ 914ರಲ್ಲಿದೆ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಕಂಡುಹಿಡಿದ ಒಣ ಪ್ರತಿಮುದ್ರಣವನ್ನು ಕಚೇರಿಗೆ ತಂದ ಯಂತ್ರ ಅದು. ತೂಕ ಮುನ್ನೂರು ಕಿಲೋಗೆ ಹತ್ತಿರ. ಅಷ್ಟು ದುಬಾರಿ ಯಂತ್ರವನ್ನು ಕೊಳ್ಳುವವರು ಕಡಿಮೆ ಎಂದು ಕಂಪನಿ ಅದನ್ನು ಬಾಡಿಗೆಗೆ ಕೊಟ್ಟಿತು: ತಿಂಗಳಿಗೆ 95 ಡಾಲರ್, ಅದರಲ್ಲಿ 2,000 ಪ್ರತಿ ಸೇರಿದ್ದು, ಮೇಲಿನ ಪ್ರತಿಯೊಂದಕ್ಕೂ ಮೀಟರಿನ ಲೆಕ್ಕದಲ್ಲಿ ಕೆಲವು ಸೆಂಟ್. ಬೇಡವೆನಿಸಿದರೆ ಹದಿನೈದು ದಿನ ಮುಂಚೆ ತಿಳಿಸಿ ವಾಪಸು ಮಾಡಬಹುದಿತ್ತು. ಕಾಗದ ಬಿಸಿಭಾಗದಲ್ಲಿ ಸಿಕ್ಕಿಕೊಂಡು ಹೊತ್ತಿಕೊಳ್ಳುವ ಚಾಳಿ ಈ ಯಂತ್ರಕ್ಕಿತ್ತು. ಅದಕ್ಕಾಗಿ ಕಂಪನಿ ಜೊತೆಗೇ ಒಂದು ಪುಟ್ಟ ಅಗ್ನಿಶಾಮಕ ಕೊಟ್ಟು, ಅದಕ್ಕೆ ‘ಕಮರು ನಿವಾರಕ’ ಎಂಬರ್ಥದ ಹೆಸರಿಟ್ಟಿತು. ಮಾರಾಟ ವಿಭಾಗದ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಈ ವ್ಯವಸ್ಥೆಯಲ್ಲಿ ಒಂದು ನ್ಯಾಯವಿತ್ತು. ಯಂತ್ರ ಕಂಪನಿಯದು, ರಿಪೇರಿಯ ಖರ್ಚೂ ಕಂಪನಿಯದು, ಯಂತ್ರ ನಿಂತರೆ ನಿಲ್ಲುತ್ತಿದ್ದುದು ಕಂಪನಿಯ ಮೀಟರು. ಮುದ್ರಿಸಿದ ಪ್ರತಿ ಪುಟಕ್ಕೆ ಇಷ್ಟು ಎಂದು ಹಣ ಪಡೆಯುವ ಇಂದಿನ ‘ಕ್ಲಿಕ್’ ಲೆಕ್ಕ ಆ ಮೀಟರಿನ ಮೊಮ್ಮಗು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಅಂದು ಯಂತ್ರ ನಿಂತರೆ ಕಚೇರಿಯೊಂದರ ಪತ್ರ ತಡವಾಗುತ್ತಿತ್ತು, ಇಂದು ನಿಂತರೆ ಒಂದು ಮುದ್ರಣಾಲಯದ ಅಂದಿನ ದುಡಿಮೆಯೇ ನಿಲ್ಲುತ್ತದೆ.

ಕಂಪನಿಯ ಕೈಗೆ ಹೋದ ತಿಳಿವಳಿಕೆ ಅಲ್ಲಿಯೂ ಒಂದೇ ಕಡೆ ಇರಲಿಲ್ಲ. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ಜೆರಾಕ್ಸ್ ತಂತ್ರಜ್ಞರ ಜೊತೆ ಓಡಾಡಿ, ಅವರ ಕೆಲಸವನ್ನು ಬುಡಕಟ್ಟೊಂದರ ಬದುಕನ್ನು ನೋಡುವಷ್ಟೇ ಶ್ರದ್ಧೆಯಿಂದ ನೋಡಿ, 1996ರಲ್ಲಿ ಪುಸ್ತಕ ಪ್ರಕಟಿಸಿದ. ಕೈಪಿಡಿ ಹೇಳುವ ‘ಹೀಗಾದರೆ ಹೀಗೆ ಮಾಡು’ ಎಂಬ ಸೂತ್ರಗಳು ಅರ್ಧ ದಾರಿಯಲ್ಲೇ ಕೈಕೊಡುತ್ತಿದ್ದವು. ಯಂತ್ರ ನಿಜವಾಗಿ ಸರಿಹೋಗುತ್ತಿದ್ದುದು ತಂತ್ರಜ್ಞರು ತಿಂಡಿ ತಿನ್ನುತ್ತಾ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕಥೆಗಳಿಂದ, ಗಿರಾಕಿಯನ್ನು ಕೇಳಿ ತಿಳಿದ ಯಂತ್ರದ ಜಾತಕದಿಂದ. ಕಂಪನಿ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ತೊಂಬತ್ತರ ದಶಕದ ನಡುವಿನಲ್ಲಿ ಮೊದಲು ಫ್ರಾನ್ಸಿನಲ್ಲಿ ನೆಲೆಯೂರಿದ ‘ಯುರೇಕಾ’ ವ್ಯವಸ್ಥೆಯಲ್ಲಿ ತಂತ್ರಜ್ಞರು ತಾವು ಕಂಡುಕೊಂಡ ಪರಿಹಾರವನ್ನು ತಮ್ಮ ಹೆಸರಿನೊಡನೆ ದಾಖಲಿಸಿದರು, ಅನುಭವಿ ಸಹೋದ್ಯೋಗಿಗಳು ಅದನ್ನು ಪರೀಕ್ಷಿಸಿ ಒಪ್ಪಿದರು. ಸರ್ವಿಸ್ ಚರಿತ್ರೆಯಲ್ಲಿ ಇದಕ್ಕಿಂತ ಆರೋಗ್ಯಕರ ಅಧ್ಯಾಯ ನನಗೆ ಕಾಣದು. ಆದರೆ ಆ ತಿಳಿವಳಿಕೆಯ ಸುತ್ತ ಬೇಲಿಯಿತ್ತು. ಯಂತ್ರದ ಮುಂದೆ ದಿನವಿಡೀ ನಿಲ್ಲುವ ಆಪರೇಟರ್ ಬೇಲಿಯ ಹೊರಗಿದ್ದ. ಬೇಲಿ ಎಷ್ಟು ಎತ್ತರವಿರಬಹುದು ಎಂಬುದಕ್ಕೆ 1980ರ ಆಸುಪಾಸಿನ ಇನ್ನೊಂದು ಪ್ರಸಂಗವಿದೆ. ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕೊಟ್ಟ ಲೇಸರ್ ಪ್ರಿಂಟರ್ ಪದೇಪದೇ ಜಾಮ್ ಆಗುತ್ತಿತ್ತು. ಜಾಮ್ ಆದಾಗ ಎಲ್ಲರಿಗೂ ಸಂದೇಶ ಹೋಗುವಂತೆ ತಂತ್ರಾಂಶ ತಿದ್ದಲು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಮುಂದಾದಾಗ, ಗೋಪ್ಯತೆಯ ಕರಾರಿನ ಕಾರಣಕ್ಕೆ ಅವರಿಗೆ ಮೂಲ ಸಂಕೇತ ಸಿಗಲಿಲ್ಲ. ಸ್ವತಂತ್ರ ತಂತ್ರಾಂಶ ಚಳವಳಿಯ ಹುಟ್ಟನ್ನು ಹೇಳುವಾಗ ಸ್ಟಾಲ್‌ಮನ್ ನೆನೆಯುವುದು ಈ ಪ್ರಿಂಟರನ್ನು.

1990ರಲ್ಲಿ ಬಂದ ಜೆರಾಕ್ಸ್‌ನ ಡಾಕ್ಯುಟೆಕ್ ನಿಮಿಷಕ್ಕೆ 135 ಪುಟದ ವೇಗದಲ್ಲಿ ಮುದ್ರಿಸಿ ಪುಸ್ತಕರೂಪಕ್ಕೂ ತರುತ್ತಿತ್ತು. 1993ರಲ್ಲಿ ಇಂಡಿಗೊ, ಝೈಕಾನ್ ಕಂಪನಿಗಳ ಬಣ್ಣದ ಡಿಜಿಟಲ್ ಪ್ರೆಸ್ಸುಗಳು ಹೊರಬಂದವು. ಆಮೇಲೆ ಕ್ಯಾನನ್, ರಿಕೋ, ಕೊನಿಕಾ ಮಿನೋಲ್ಟಾಗಳು ನಡುವಣ ಗಾತ್ರದ ಅಂಗಡಿಗಳಿಗೂ ಎಟುಕುವ ಯಂತ್ರ ತಂದವು. ಇನ್ನೂರು ಮುನ್ನೂರು ಪ್ರತಿಯ ಕನ್ನಡ ಪುಸ್ತಕ ಸಾಧ್ಯವಾದದ್ದು ಇಂಥವುಗಳಿಂದಲೇ. ವೇಗ ಹೆಚ್ಚಿದಂತೆ ಡ್ರಮ್, ಡೆವಲಪರ್, ಟ್ರಾನ್ಸ್‌ಫರ್ ಬೆಲ್ಟ್, ಫ್ಯೂಸರ್ ಬೇಗ ಸವೆದವು, ಪ್ರತಿ ಸಲ ಎಂಜಿನಿಯರ್‌ಗಾಗಿ ಕಾಯುವುದು ಕಂಪನಿಗೂ ದುಬಾರಿಯಾಯಿತು. ಹೀಗೆ ಒಂದಷ್ಟು ತಿಳಿವಳಿಕೆ ಹಿಂದಿರುಗಿ ಬಂತು. ಇಂಡಿಗೊ ಪ್ರೆಸ್ಸಿನ ಬ್ಲ್ಯಾಂಕೆಟನ್ನೂ ಚಿತ್ರ ಮೂಡುವ ಹಾಳೆಯನ್ನೂ ಬದಲಿಸುವುದನ್ನು ಆಪರೇಟರಿಗೇ ಕಲಿಸಿದರು. ಬೇರೆ ಕಂಪನಿಗಳೂ ತರಬೇತಾದ ಗಿರಾಕಿ ತಾನೇ ಕಳಚಿ ಹಾಕಬಹುದಾದ ಬಿಡಿಭಾಗಗಳ ಸೆಟ್ಟುಗಳನ್ನು ಹೊರತಂದವು. ಅದೇ ಹೊತ್ತಿಗೆ ಇನ್ನೊಂದು ಬಾಗಿಲು ಮುಚ್ಚಿತು. ಕೌಂಟರ್ ಸೊನ್ನೆ ಮಾಡುವುದು, ಸೆನ್ಸರ್ ಹೊಂದಿಸುವುದು ಎಲ್ಲವೂ ಪಾಸ್‌ವರ್ಡಿನ ಹಿಂದಿನ ‘ಸರ್ವಿಸ್ ಮೋಡ್’ಗೆ ಹೋದವು; ಯಂತ್ರ ತನ್ನ ಕಾಯಿಲೆಯನ್ನು ಇಂಟರ್‌ನೆಟ್ಟಿನ ಮೂಲಕ ನೇರ ಕಂಪನಿಗೆ ವರದಿ ಮಾಡತೊಡಗಿತು. ಫ್ಯೂಸರ್ ಇನ್ನೆಷ್ಟು ದಿನ ಬಾಳುತ್ತದೆ ಎಂಬುದು ದೂರದ ಸರ್ವರಿಗೆ ಗೊತ್ತು. ಯಂತ್ರದ ಪಕ್ಕದಲ್ಲಿ ಕೂತವನಿಗೆ ಕಾಣುವುದು ಅದರ ಒಂದು ತುಣುಕು.

ಇದಕ್ಕೆ ಕಂಪನಿಗಳ ಉತ್ತರ ತಳ್ಳಿಹಾಕುವಂಥದ್ದಲ್ಲ. ಕ್ಲಿಕ್ಕಿಗೆ ಇಷ್ಟು ಎಂದು ಹಣ ಪಡೆಯುವವರಿಗೆ ಯಂತ್ರ ಓಡುವುದೇ ಲಾಭ, ಆದ್ದರಿಂದ ಸರ್ವಿಸ್ ತಾನಾಗಿಯೇ ಚೆನ್ನಾಗಿರುತ್ತದೆ ಎನ್ನುತ್ತಾರೆ. ಈ ವಾದ ಬಿಡಿಭಾಗದ ಖರ್ಚಿನ ಮಟ್ಟಿಗೆ ನಿಜ, ಕಾಲದ ಮಟ್ಟಿಗೆ ಸುಳ್ಳು. ಯಂತ್ರ ಮೂರು ದಿನ ನಿಂತರೆ ಕಂಪನಿ ಕಳೆದುಕೊಳ್ಳುವುದು ಕೆಲವು ಸಾವಿರ ಕ್ಲಿಕ್. ಬಾಕಿ ಕೆಲಸ ರಾತ್ರಿಯೆಲ್ಲ ನಡೆದಾಗ ಅದರಲ್ಲೂ ಬಹುಪಾಲು ವಾಪಸು ಬರುತ್ತದೆ. ಮುದ್ರಕ ಕಳೆದುಕೊಳ್ಳುವುದು ಗಿರಾಕಿಯನ್ನು, ಯಾಕೆಂದರೆ ಲಗ್ನಪತ್ರಿಕೆಗೆ ಮುಹೂರ್ತ ಕಾಯುವುದಿಲ್ಲ. ಸರ್ವಿಸ್ ಹಿಡಿಸದಿದ್ದರೆ ಬೇರೆ ಕಂಪನಿಯ ಯಂತ್ರ ಕೊಳ್ಳಿ, ಪೈಪೋಟಿಯೇ ಎಲ್ಲವನ್ನೂ ಸರಿಪಡಿಸುತ್ತದೆ ಎಂಬುದು ಎರಡನೆಯ ವಾದ. ಅಮೆರಿಕದಲ್ಲಿ ಕೊಡಾಕ್ ಕಂಪನಿ ತನ್ನ ಕಾಪಿಯರುಗಳ ಬಿಡಿಭಾಗಗಳನ್ನು ಸ್ವತಂತ್ರ ರಿಪೇರಿಗಾರರಿಗೆ ನಿರಾಕರಿಸಿದಾಗ ನ್ಯಾಯಾಲಯದ ಮುಂದಿಟ್ಟದ್ದು ಇದನ್ನೇ. ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲಿ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಕೊಳ್ಳುವಾಗಲೇ ಇಡೀ ಬಾಳಿಕೆಯ ಖರ್ಚನ್ನು ಲೆಕ್ಕಹಾಕುವುದು ಗಿರಾಕಿಗೆ ಕಷ್ಟ, ದುಬಾರಿ ಯಂತ್ರ ತಂದಮೇಲೆ ಬದಲಿಸುವುದೂ ಕಷ್ಟ ಎಂಬುದನ್ನು ಅದು ಗುರುತಿಸಿತು. ಜೆರಾಕ್ಸ್ ವಿರುದ್ಧದ ಇಂಥದೇ ಮೊಕದ್ದಮೆಯಲ್ಲಿ 2000ದಲ್ಲಿ ಇನ್ನೊಂದು ನ್ಯಾಯಾಲಯ, ಪೇಟೆಂಟ್ ಇರುವ ಬಿಡಿಭಾಗವನ್ನು ಮಾರದಿರುವುದು ಕಂಪನಿಯ ಹಕ್ಕು ಎಂದಿತು. ಕಾನೂನೇ ಎರಡು ದಿಕ್ಕಿಗೆ ಮುಖಮಾಡಿರುವಾಗ ಮುದ್ರಕ ಪೈಪೋಟಿಯೊಂದನ್ನೇ ನಂಬಿ ಕೂರುವುದು ಜಾಣತನವಾಗದು.

ಭಾರತಕ್ಕೆ ಈ ವ್ಯವಸ್ಥೆ ಕಾಲಿಟ್ಟದ್ದು 1983ರಲ್ಲಿ ಸ್ಥಾಪನೆಯಾದ ಮೋದಿ ಜೆರಾಕ್ಸ್‌ನಂಥ ಕಂಪನಿಗಳ ಮೂಲಕ. ‘ಜೆರಾಕ್ಸ್’ ಕನ್ನಡದ ಮಾತೇ ಆಗಿಹೋಯಿತು, ಜೊತೆಗೆ ಎಎಂಸಿ, ಎಫ್‌ಎಸ್‌ಎಂಎ ಎಂಬ ಸರ್ವಿಸ್ ಕರಾರುಗಳ ಅಕ್ಷರಗಳೂ ಬಂದವು. ಸಾಮಾನ್ಯವಾಗಿ ಎಎಂಸಿಯಲ್ಲಿ ಸಿಗುವುದು ಎಂಜಿನಿಯರನ ಭೇಟಿ; ಎಫ್‌ಎಸ್‌ಎಂಎಯಲ್ಲಿ ಬಿಡಿಭಾಗ, ಟೋನರ್ ಸೇರಿಸಿ ಕ್ಲಿಕ್ ದರ. ಎ3 ಹಾಳೆಯನ್ನು ಎರಡು ಕ್ಲಿಕ್ ಎಂದು ಎಣಿಸುವ ರೂಢಿಯೂ ಇದೆ. ಇವೆರಡರಿಂದಲೂ ಹೊರಗುಳಿದವರು ವಿದೇಶದಿಂದ ಬಂದ ಹಳೆಯ ಯಂತ್ರಗಳನ್ನು ನೆಚ್ಚಿಕೊಂಡರು. ಅಂಥವುಗಳ ಆಮದಿಗೆ ಸರ್ಕಾರದ ನಿರ್ಬಂಧವಿದ್ದರೂ ಅವುಗಳ ಸುತ್ತ ಸ್ವತಂತ್ರ ಮೆಕ್ಯಾನಿಕ್ಕುಗಳ ಒಂದು ವರ್ಗವೇ ಬೆಳೆಯಿತು. ಇವರು ನಕಲಿ ಭಾಗ ಹಾಕಿ ಯಂತ್ರ ಕೆಡಿಸುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅಗ್ಗದ ಟೋನರ್ ಬೇರೆ ಉಷ್ಣತೆಗೆ ಕರಗುತ್ತದೆ, ಫ್ಯೂಸರಿಗೆ ಅಂಟುತ್ತದೆ, ಬಣ್ಣ ದಿನಕ್ಕೊಂದಾಗುತ್ತದೆ. ಆದರೆ ಅಸಲಿ ಭಾಗವನ್ನು ಕಂಪನಿಯ ಗಿರಾಕಿಗಷ್ಟೇ ಕೊಟ್ಟರೆ ನಕಲಿಗೆ ಮಾರುಕಟ್ಟೆ ಹುಟ್ಟದೆ ಇನ್ನೇನಾಗುತ್ತದೆ? ನಮ್ಮ ಸ್ಪರ್ಧಾ ಆಯೋಗ 2014ರಲ್ಲಿ ಹದಿನಾಲ್ಕು ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮಿಗಿಲಾದ ದಂಡ ಹಾಕಿದ್ದು ಇಂಥದೇ ಕಾರಣಕ್ಕೆ: ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ.

ಮುದ್ರಕರ ತಪ್ಪನ್ನು ಹೇಳದೆ ಬಿಟ್ಟರೆ ವಾದ ಅರ್ಧವಾಗುತ್ತದೆ. ಸರ್ವಿಸ್ ದೋಷವೆಂದು ಕಾಣುವ ಎಷ್ಟೋ ತೊಂದರೆಗಳು ಕೋಣೆಯಲ್ಲೇ ಹುಟ್ಟುತ್ತವೆ. ಟೋನರ್ ಕಾಗದದ ಮೇಲೆ ಕೂರುವುದು ಸ್ಥಾಯಿ ವಿದ್ಯುತ್ತಿನ ಬಲದಿಂದ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ತೇವ ಹೀರಿದ ಹಾಳೆ ಸುರುಳಿಯಾಗುತ್ತದೆ, ಟೋನರನ್ನು ಸಮನಾಗಿ ಹಿಡಿಯುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಣಗಿದ ಹಾಳೆಗಳು ಒಂದಕ್ಕೊಂದು ಅಂಟಿ ಎರಡೆರಡಾಗಿ ಒಳಗೆ ಹೋಗುತ್ತವೆ. ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿ ಉಷ್ಣತೆ, ಶೇಕಡಾ ಐವತ್ತರ ಆಸುಪಾಸಿನ ತೇವಾಂಶ ಯಂತ್ರಕ್ಕೆ ಹಿತ. ಕಾಗದದ ಕಟ್ಟನ್ನು ಆ ಕೋಣೆಯಲ್ಲೇ ಒಂದು ದಿನವಾದರೂ ಇಟ್ಟು ಬಿಚ್ಚಬೇಕು. ಅರ್ಥಿಂಗ್ ನೆಟ್ಟಗಿರದ ಕಟ್ಟಡದಲ್ಲಿ ಎಂಥ ಎಂಜಿನಿಯರ್ ಬಂದರೂ ಬೋರ್ಡು ಸುಡುವುದು ತಪ್ಪದು. ಎಸಿ ಉಳಿಸಿ ಡ್ರಮ್ಮಿಗೆ ಸುರಿಯುವ ಲೆಕ್ಕ ನಮ್ಮಲ್ಲಿ ತೀರಾ ಸಾಮಾನ್ಯ. ಈ ಸೂಕ್ಷ್ಮಗಳನ್ನು ತಿಳಿದ ಆಪರೇಟರನಿಗೆ ಒಳ್ಳೆಯ ಸಂಬಳ ಕೊಟ್ಟು ಉಳಿಸಿಕೊಳ್ಳುವುದು ಬಿಡಿಭಾಗಕ್ಕಿಂತ ಅಗ್ಗ. ಯಾವ ಕೋಡ್ ಯಾವ ದಿನ, ಯಾವ ಕಾಗದಕ್ಕೆ, ಯಾವ ಕೌಂಟರಿನಲ್ಲಿ ಬಂತು ಎಂದು ಅವನು ಬರೆದಿಡುವ ಒಂದು ನೋಟ್‌ಬುಕ್ಕು, ಆರ್ ಕಂಡ ತಂತ್ರಜ್ಞರ ಕಥೆಗಳು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ.

ಉಳಿದದ್ದು ಕರಾರಿನ ವಿಚಾರ. ‘ನಾಲ್ಕು ಗಂಟೆಯೊಳಗೆ ಸ್ಪಂದನ’ ಎಂಬ ಸಾಲನ್ನು ನೋಡಿ ಸಹಿ ಹಾಕುವವರು ಬಹಳ. ಸ್ಪಂದನವೆಂದರೆ ಫೋನ್ ಕರೆಯೂ ಆಗಬಹುದು. ಕೇಳಬೇಕಾದದ್ದು ಯಂತ್ರ ಮತ್ತೆ ಓಡಲು ಎಷ್ಟು ಗಂಟೆ, ತಪ್ಪಿದರೆ ಕ್ಲಿಕ್ ದರದಲ್ಲಿ ಎಷ್ಟು ಕಡಿತ, ಬಿಡಿಭಾಗದ ದಾಸ್ತಾನು ಯಾವ ಊರಿನಲ್ಲಿ, ಮಾದರಿ ನಿಂತಮೇಲೆ ಎಷ್ಟು ವರ್ಷ ಭಾಗ ಸಿಗುತ್ತದೆ, ಯಂತ್ರ ಕಂಪನಿಗೆ ಕಳಿಸುವ ವರದಿ ನಮಗೂ ಕಾಣುತ್ತದೆಯೇ ಎಂಬುದು. ಯಂತ್ರ ಕೊಳ್ಳುವ ಮುಂಚೆಯೇ ಇವಕ್ಕೆ ಉತ್ತರವನ್ನು ಬರಹದಲ್ಲಿ ಪಡೆಯಬೇಕು, ಯಾಕೆಂದರೆ ಆಮೇಲೆ ಆಸರೆ ಕಡಿಮೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಎಣಿಸುವುದಿಲ್ಲ; ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರಿಗಷ್ಟೇ ವಿನಾಯಿತಿ. ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಸಮಿತಿ ರಚಿಸಿ ಆರಂಭಕ್ಕೆ ಆಯ್ದುಕೊಂಡದ್ದು ನಾಲ್ಕು ವಲಯ: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತುಗಳು, ವಾಹನ. ಮುದ್ರಣಯಂತ್ರ ಆ ಪಟ್ಟಿಯಲ್ಲಿರಲಿಲ್ಲ. ಐದನೆಯ ವಲಯವಾಗಿ ಅದನ್ನು ಸೇರಿಸಿ ಎಂದು ಕೇಳುವ ಕೆಲಸ ನಮ್ಮ ಮುದ್ರಕರ ಸಂಘಗಳದ್ದು, ಈಗಲೇ ಕೇಳಲಿ.