ಬಿಳಿಮಚ್ಚೆಯ ಬಳ್ಳಿ, ಕೊಳವೆಬಾವಿಯ ನೀರು

‘ಮಾರ್ಬಲ್ ಕ್ವೀನ್’ ಮನಿಪ್ಲಾಂಟ್, ಮಾನ್‌ಸ್ಟೆರಾ ‘ಆಲ್ಬೊ’ ಮೊದಲಾದ ಬಿಳಿಮಚ್ಚೆಯ ಹಬ್ಬುಬಳ್ಳಿಗಳನ್ನು ಮನೆಯೊಳಗೆ ಸಾಕುವ ಬಗ್ಗೆ ಸಿಗುವ ಸಲಹೆಗಳಲ್ಲಿ ಬೆಳಕಿನ ಮಾತೇ ಹೆಚ್ಚು. ಅದು ಚಳಿದೇಶಗಳ ಚಿಂತೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳಲ್ಲಿ ಬೆಳಕಿಗೆ ಬರವಿಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಎದ್ದಿರುವುದು ಸುಮ್ಮನೆ ಅಲ್ಲ. ನೇರ ಬಿಸಿಲು ಬೀಳದ ಕಿಟಕಿಯ ಮಗ್ಗುಲು ಸಾಕು. ಈ ಸೀಮೆಯಲ್ಲಿ ಮೊದಲು ನೋಡಬೇಕಾದ್ದು ನೀರನ್ನು.

ಎಲೆಯ ಬಿಳಿಭಾಗದಲ್ಲಿ ಪತ್ರಹರಿತ್ತು ಇಲ್ಲ, ಇದ್ದರೂ ಅತ್ಯಲ್ಪ. ಹಸಿರುಭಾಗ ತಯಾರಿಸಿದ ಆಹಾರವೇ ಅದಕ್ಕೂ ಆಧಾರ; ಹಸಿರು ಸುಟ್ಟರೆ ಬಿಳಿಗೂ ನಷ್ಟ. ಸುಡುವುದು ನೀರಿನಲ್ಲಿರುವುದೇ: ಬೇರು ಎಳೆದ ನೀರು ಎಲೆಯಿಂದ ಆವಿಯಾಗಿ ಹೋದರೂ ಅದರಲ್ಲಿದ್ದ ಲವಣ, ಫ್ಲೋರೈಡ್‌ಗಳು ತುದಿಯಲ್ಲೂ ಅಂಚಿನಲ್ಲೂ ಉಳಿದು ಶೇಖರವಾಗುತ್ತವೆ. ಪಾವಗಡದ ಗ್ರಾನೈಟ್, ನೈಸ್ ಶಿಲೆಗಳ ನಡುವೆ ಬಹುಕಾಲ ನಿಂತ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ ಸಂಗತಿ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೇಲ್ಮಿತಿ. ಡ್ರಸೀನದಂಥ ಗಿಡದ ತುದಿ ಸುಡಲು 1 ಮಿಲಿಗ್ರಾಂ ಆಸುಪಾಸೇ ಸಾಕು. ಎಂದರೆ, ಮನುಷ್ಯರಿಗೆ ಆಗಬಹುದಾದ ನೀರೂ ಗಿಡಕ್ಕೆ ಆಗದಿರಬಹುದು.

ಮನಿಪ್ಲಾಂಟ್ ಇಷ್ಟು ಸೂಕ್ಷ್ಮವಲ್ಲ. ಆದ್ದರಿಂದಲೇ ಒಂದು ಪರೀಕ್ಷೆ ಸಾಧ್ಯ: ಅದೇ ನೀರು ಕುಡಿಯುವ ಡ್ರಸೀನದ ತುದಿ ಮಾತ್ರ ಕಂದಿದರೆ ಫ್ಲೋರೈಡನ್ನು ಶಂಕಿಸಬೇಕು. ಬಳ್ಳಿಯ ಅಂಚೂ ಸುಟ್ಟು, ಕುಂಡದ ಬಾಯಿಗೆ ಬಿಳಿ ಹೊಪ್ಪಳೆ ಕಟ್ಟಿದ್ದರೆ ಲವಣವೇ ಕಾರಣವಿರಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು, ಇನ್ನಷ್ಟು ಗಟ್ಟಿಯಾಗುತ್ತದೆ. ಸೂಪರ್ ಫಾಸ್ಫೇಟಿನಲ್ಲೂ ಅದು ಬೆರೆತಿರುತ್ತದೆ, ಕುಂಡಕ್ಕೆ ಬೇಡ. ಆರ್.ಓ. ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವುದು ಮಿತವ್ಯಯದಂತೆ ಕಂಡರೂ, ಯಂತ್ರ ಬೇರ್ಪಡಿಸಿದ್ದೆಲ್ಲ ಸೇರಿರುವುದು ಅದರಲ್ಲೇ. ಹಾಗೆಂದು ಬರದ ತಾಲ್ಲೂಕಿನಲ್ಲಿ ಶುದ್ಧೀಕರಿಸಿದ ಕುಡಿಯುವ ನೀರನ್ನು ಅಲಂಕಾರದ ಬಳ್ಳಿಗೆ ಸುರಿಯುವುದು ನನಗೆ ಸರಿಕಾಣದು. ಮಾಳಿಗೆಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ನಾಲ್ಕಾರು ಕುಂಡಕ್ಕೆ ಬಹಳ ದಿನ ಬರುತ್ತದೆ.

ಆಸರೆಯ ವಿಷಯವನ್ನು ಎಲೆತೋಟದವರಿಗೆ ಹೇಳಿಕೊಡಬೇಕಿಲ್ಲ. ಅಡಿಕೆಗೋ ಅಗಸೆಗೋ ಹಬ್ಬಿದ ವೀಳ್ಯದ ಬಳ್ಳಿಯಂತೆ ಇವೂ ಗೆಣ್ಣಿನ ಬೇರಿನಿಂದ ಕಚ್ಚಿಕೊಂಡು ಏರುತ್ತವೆ, ಏರಿದಂತೆ ಎಲೆ ಅಗಲವಾಗುತ್ತದೆ. ತೆಂಗಿನ ನಾರು ಸುತ್ತಿದ ಕೋಲು ಆದೀತು. ಬೇಸಿಗೆಯಲ್ಲಿ ಅದನ್ನು ನೆನೆಸಲೂ ಮಳೆನೀರೇ ಲೇಸು.

ಪೆಸಿಫಿಕ್‌ನ ಮೊರೆಯಾ ದ್ವೀಪ ಮೂಲದ ಮನಿಪ್ಲಾಂಟ್ ಹೂಬಿಡುವುದೇ ಅತಿ ವಿರಳ; ಜಿಬ್ಬರೆಲಿನ್ ಹಾರ್ಮೋನಿನ ಕೊರತೆ ಇದಕ್ಕೆ ಕಾರಣವೆಂದು 2016ರ ಸಂಶೋಧನೆಯೊಂದು ತೋರಿಸಿತು. ಹೀಗಾಗಿ ಬೀಜದ ಮಾತಿಲ್ಲ, ತುಂಡಿನಿಂದಲೇ ಸಂತಾನ. ತುಂಡು ಆರಿಸುವಾಗ ಎಲೆಗಿಂತ ಗೆಣ್ಣನ್ನು ನೋಡಬೇಕು: ಮೊಗ್ಗಿನ ಬಳಿ ಕಾಂಡದಲ್ಲಿ ಹಸಿರು, ಬಿಳಿ ಎರಡೂ ಗೆರೆಗಳಿದ್ದರೆ ಹೊಸ ಕುಡಿಯಲ್ಲೂ ಎರಡು ಬಣ್ಣ ಬರುವ ಸಂಭವ ಹೆಚ್ಚು. ಪೂರ್ಣ ಹಸಿರಿಗೆ ತಿರುಗಿದ ಕುಡಿಯನ್ನು ಬಣ್ಣವಿರುವ ಗೆಣ್ಣಿನವರೆಗೆ ಕತ್ತರಿಸಬೇಕು, ಇಲ್ಲವಾದರೆ ವೇಗವಾಗಿ ಬೆಳೆದು ಅದೇ ಮೇಲುಗೈ ಸಾಧಿಸುತ್ತದೆ. ಬರೀ ಬಿಳಿ ಎಲೆಯ ತುಂಡಿಗಂತೂ ದುಬಾರಿ ಬೆಲೆ ಕೊಡಬಾರದು. ಬೇರು ಬಿಟ್ಟರೂ ಸ್ವಂತ ಆಹಾರ ತಯಾರಿಸಿಕೊಳ್ಳಲು ಅದಕ್ಕಾಗದು.