ಕಮರ

ಕಮರ ಒಣಸೀಮೆಯ ದೊಡ್ಡ ಮರ. ಫ್ಯಾಬೇಸಿ ಕುಟುಂಬಕ್ಕೆ ಸೇರಿದ್ದು. ಶಾಸ್ತ್ರೀಯ ನಾಮ ಹಾರ್ಡ್ವಿಕಿಯ ಬೈನೇಟ. ಹಿಂದಿ, ಮರಾಠಿಗಳಲ್ಲಿ ಅಂಜನ್, ತಮಿಳಿನಲ್ಲಿ ಆಚ್ಚಾ. ದಖನ್ ಹಾಗೂ ಮಧ್ಯಭಾರತದ ಕಲ್ಲುನೆಲ ಇದರ ತವರು. ಕರ್ನಾಟಕದಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಕಾವೇರಿ ಕಣಿವೆಯ ಒಣಕಾಡುಗಳಲ್ಲೂ ಕಾಣಸಿಗುತ್ತದೆ. ಚಿಟ್ಟೆಯ ರೆಕ್ಕೆಗಳಂತೆ ಜೋಡಿಯಾಗಿರುವ ಎರಡು ಕಿರುಎಲೆಗಳಿಂದ ಮರವನ್ನು ಸುಲಭವಾಗಿ ಗುರುತಿಸಬಹುದು. ಕಾಯಿ ಚಪ್ಪಟೆ, ತುದಿಯಲ್ಲಿ ಒಂದೇ ಬೀಜ, ಉಳಿದದ್ದು ಗಾಳಿಗೆ ತೇಲುವ ರೆಕ್ಕೆ.

ಭಾರತದ ಅತಿ ಭಾರದ ಮರಗಳ ಸಾಲಿನಲ್ಲಿ ಕಮರಕ್ಕೆ ಸ್ಥಾನವಿದೆ. ಹೊರಗಿನ ಬಿಳಿಮರ ತೆಳು, ಒಳಗಿನ ಚೇಗು ನೇರಳೆ ಛಾಯೆಯ ಕಡುಗೆಂಪುಕಂದು. ಒಣಗಿದ ಮೇಲೂ ಘನಮೀಟರಿಗೆ ಸುಮಾರು 1,000 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗುವುದರಿಂದ ಚೇಗಿನ ತುಂಡು ನೀರಿನಲ್ಲಿ ಮುಳುಗುತ್ತದೆ. ತೇಗದ ತೂಕ ಇದರ ಮೂರನೇ ಎರಡು ಪಾಲಿನಷ್ಟು. ಚೇಗಿಗೆ ಗೆದ್ದಲು ಸುಲಭವಾಗಿ ಹತ್ತದು. ಆದರೆ ಈ ಗಟ್ಟಿತನವೇ ಬಡಗಿಗೆ ತಲೆನೋವು: ಒಣಗಿದ ದಿಮ್ಮಿಯನ್ನು ಕೊಯ್ಯಲು ಹೋದರೆ ಗರಗಸದ ಹಲ್ಲು ಮೊಂಡಾಗುತ್ತದೆ, ರಂಧ್ರ ಕೊರೆಯದೆ ಮೊಳೆ ಇಳಿಯುವುದಿಲ್ಲ. ಬಿರುಬಿಸಿಲಿಗೆ ಬಿಟ್ಟರೆ ಮೈ ಸೀಳುತ್ತದೆ. ಹಾಗಾಗಿ ಹಸಿಯಾಗಿರುವಾಗಲೇ ಕೊಯ್ದು, ನೆರಳಿನಲ್ಲಿ ನಿಧಾನವಾಗಿ ಒಣಗಿಸುವುದು ಕ್ಷೇಮ.

ಗಾಡಿಚಕ್ರ, ನೇಗಿಲು, ಗಾಣ, ಕಂಬ ಎಲ್ಲಕ್ಕೂ ಹಿಂದೆ ಕಮರ ಬೇಕಾಗುತ್ತಿತ್ತು. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಇದರ ಅತ್ಯಂತ ಸೊಗಸಾದ ಉಪಯೋಗ ಮಾತ್ರ ಕುಂಭಕೋಣದ ಬಳಿಯ ನರಸಿಂಗಂಪೇಟೆಯಲ್ಲಿದೆ. ಅಲ್ಲಿನ ಕುಶಲಕರ್ಮಿಗಳು ನಾಗಸ್ವರದ ಕೊಳವೆಯನ್ನು ಆಚ್ಚಾ ಮರದಲ್ಲೇ ಕಡೆಯುತ್ತಾರೆ. ಅದೂ ಹೊಸ ಮರವಲ್ಲ, ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ, ದಶಕಗಟ್ಟಲೆ ಒಣಗಿದ ತೊಲೆ ಕಂಬಗಳು. ಈ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಇಷ್ಟು ಗುಣವಿದ್ದೂ ರೈತರ ಹೊಲದಲ್ಲಿ ಕಮರ ವಿರಳವಾಗಿರುವುದಕ್ಕೆ ಮುಖ್ಯ ಕಾರಣ ಅದರ ನಿಧಾನಗತಿ. ಸಸಿ ಮೊದಲ ವರ್ಷಗಳಲ್ಲಿ ತಾಯಿಬೇರನ್ನು ಆಳಕ್ಕೆ ಇಳಿಸುವುದರಲ್ಲೇ ನಿರತ. ಬೇಸಿಗೆಯಲ್ಲಿ ಕಾಂಡ ಒಣಗಿದರೂ ಬೇರು ಜೀವ ಹಿಡಿದಿದ್ದು ಮತ್ತೆ ಚಿಗುರುತ್ತದೆ. ಬರಗಾಲ ತಾಳುವ ಶಕ್ತಿ ಬರುವುದು ಇದರಿಂದಲೇ. ಕೊಯ್ಲಿಗೆ ಮಾತ್ರ ಬಹುಕಾಲ ಕಾಯಬೇಕು. ಐದಾರು ವರ್ಷಗಳಲ್ಲಿ ಕಾಸು ಕಾಣಬೇಕೆನ್ನುವವರಿಗೆ ಹೆಬ್ಬೇವೇ ಸರಿ. ಆದರೆ ಕಾಯುವ ಕಾಲ ಪೂರ್ತಿ ಬರಿಗೈಯಲ್ಲ, ಕುರಿ ದನಗಳಿಗೆ ಸೊಪ್ಪು ಸಿಗುತ್ತದೆ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಸೆಂಕ್ರಸ್ ಹುಲ್ಲಿನ ಜೊತೆ ಕಮರವನ್ನು ಬೆಳೆಸಿ ನೋಡಿದ್ದು ಇದೇ ಲೆಕ್ಕಾಚಾರದಲ್ಲಿ. ಸೊಪ್ಪಿಗೆಂದು ವರ್ಷವರ್ಷ ಬೋಳಿಸಿದ ಮರದಿಂದ ಗಂಟಿಲ್ಲದ ನೇರ ದಿಮ್ಮಿಯನ್ನು ಮಾತ್ರ ಬಯಸುವಂತಿಲ್ಲ. ಬದುವಿನಲ್ಲಿ ಕೆಲವು ಮರಗಳನ್ನು ಮೇವಿಗೆ ಬಿಟ್ಟು, ಉಳಿದವನ್ನು ಕತ್ತಿ ಮುಟ್ಟಿಸದೆ ಬೆಳೆಸಿದರೆ ಎರಡೂ ದಕ್ಕುತ್ತವೆ.