ಲೇಖನ ಮರಳಿ ಬಂದಾಗ

ತೋಡೂರಿನ ಹಿರಿಯರ ನೆನಪುಗಳನ್ನು ಕಲೆಹಾಕಿ ಬರೆದ ಸಂಶೋಧನ ಲೇಖನವು ನಿಯತಕಾಲಿಕೆಯೊಂದರಿಂದ ಮರಳಿ ಬಂದಿತೆಂದು ಶಿಷ್ಯೆಯೊಬ್ಬಳು ನೊಂದು ಬರೆದಿದ್ದಾಳೆ.

ಆಕೆಗೆ ಆರ್. ಶಾಮಶಾಸ್ತ್ರಿಗಳನ್ನು ನೆನಪಿಸುವೆ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ ಅವರು, ಅನುವಾದವನ್ನು ಮೊದಲು ‘ಇಂಡಿಯನ್ ಆಂಟಿಕ್ವರಿ’ಯಂತಹ ಪತ್ರಿಕೆಗಳಲ್ಲಿ ಭಾಗಭಾಗವಾಗಿ ಪ್ರಕಟಿಸಿ ವಿದ್ವಾಂಸರ ಮುಂದಿಟ್ಟರು. ಮೂಲಪಾಠವು 1909ರಲ್ಲಿ, ಸಮಗ್ರ ಇಂಗ್ಲಿಷ್ ಅನುವಾದವು 1915ರಲ್ಲಿ ಗ್ರಂಥರೂಪ ತಳೆದವು.

ಸೀಬರ್ಡ್ ನೌಕಾನೆಲೆಗಾಗಿ ಮನೆ ತೊರೆದವರು ನೆಲೆ ಕಂಡ ಊರುಗಳಲ್ಲಿ ನಮ್ಮ ತೋಡೂರೂ ಒಂದು. ಆ ದಿನಗಳನ್ನು ಕಂಡವರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಆದ್ದರಿಂದ ಮಗಳೇ, ಯಾರು, ಎಂದು, ಎಲ್ಲಿ ಹೇಳಿದರೆಂಬುದನ್ನು ನಮೂದಿಸು. ಕೇಳಿದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸು. ಪರಿಶೀಲಕರ ಒಂದೊಂದು ಆಕ್ಷೇಪಕ್ಕೂ ಸಮಾಧಾನ ಬರೆದು ಮತ್ತೆ ಕಳುಹಿಸು. ಅದಕ್ಕೆ ಮುನ್ನ ಹಸ್ತಪ್ರತಿಯನ್ನು ನನಗೊಮ್ಮೆ ತೋರಿಸು, ತಿದ್ದಿಕೊಡುವೆ.